ಬಚ್ಚಲ ಮೇಲಿನ ಆಕಾಶ

ಶಿರ್ತಾಡಿ

ನಾನು ಜರ್ಮನಿಗೆ ಹೋದದ್ದು ಊರು ನೋಡಲಿಕ್ಕಲ್ಲ, ಮೊಮ್ಮಗಳ ಬಾಣಂತನಕ್ಕೆ. ಹೋಗಿ ಬಂದವರು ಕೋಟೆ, ಸೇತುವೆ, ಹಿಮ ಎಂದೆಲ್ಲ ಬರೆಯುತ್ತಾರೆ. ನಾನು ಮೂರು ತಿಂಗಳಿಗೆ ಸ್ವಲ್ಪ ಕಡಿಮೆ ಇದ್ದೆ, ಒಂದು ಕೋಟೆಯನ್ನೂ ನೋಡಲಿಲ್ಲ. ನೋಡಿದ್ದು ಒಂದು ಹಿತ್ತಿಲು, ಅದರಾಚೆಯ ಹುಲ್ಲುಗದ್ದೆ, ಮತ್ತೆ ಆಕಾಶದಲ್ಲಿ ನಿಂತು ಕೆಳಗೆ ನೋಡುವ ಒಂದು ಯಂತ್ರ. ಬರೆಯಲಿಕ್ಕೆ ನನ್ನ ಹತ್ತಿರ ಇರುವುದು ಅಷ್ಟೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಬೇಕು.

ಹೊರಡುವ ಮೊದಲು ಊರಿನಲ್ಲಿ ಆದದ್ದನ್ನು ಹೇಳದಿದ್ದರೆ ಅಲ್ಲಿ ನಾನು ಹಾಗೆ ಯಾಕೆ ಮಾಡಿದೆ ಎಂದು ಯಾರಿಗೂ ಅರ್ಥವಾಗಲಿಕ್ಕಿಲ್ಲ.

ನಮ್ಮ ಬಚ್ಚಲು ಬಾವಿಯ ಪಕ್ಕ. ಮೂರು ಬದಿ ತೆಂಗಿನ ಮಡಲಿನ ತಟ್ಟಿ, ಒಂದು ಬದಿ ಮನೆಯ ಗೋಡೆ, ಮೇಲೆ ಆಕಾಶ. ಮಗಳು ಕಟ್ಟಿಸಿಕೊಟ್ಟ ಟೈಲ್ಸಿನ ಬಾತ್‌ರೂಮು ಮನೆಯೊಳಗೆ ಉಂಟು. ಅದರೊಳಗೆ ನನಗೆ ಉಸಿರು ಕಟ್ಟುತ್ತದೆ. ದಿನವಿಡೀ ಬೀಡಿ ಕಟ್ಟುವವಳ ಮೈಯಿಂದ ಹೊಗೆಸೊಪ್ಪಿನ ವಾಸನೆ ಹೋಗಬೇಕಾದರೆ ಹಂಡೆಯ ಬಿಸಿನೀರು ಬೇಕು, ಬಿಸಿಲೂ ಬೇಕು. ಮದುವೆಯಾಗಿ ಬಂದಲ್ಲಿಂದ ನಾನು ಅಲ್ಲೇ ಮಿಂದವಳು. ಬಾವಿಯ ಕಡೆಗೆ ಬರುವವರು ಯಾರಾದರೂ ಆಗಲಿ, ಹತ್ತು ಹೆಜ್ಜೆ ದೂರದಲ್ಲಿ ನಿಂತು ಒಮ್ಮೆ ಕೆಮ್ಮುತ್ತಾರೆ. ಒಳಗಿದ್ದವರು ತಿರುಗಿ ಕೆಮ್ಮಿದರೆ ಹೆಂಗಸರು ಮೀಯುತ್ತಿದ್ದಾರೆ ಎಂದು ಲೆಕ್ಕ, ಬಂದವರು ಹಿಂದೆ ಹೋಗುತ್ತಾರೆ. ಹಾಲಿನವನಿಗೂ ಇದು ಗೊತ್ತುಂಟು, ಕರೆಂಟಿನ ಮೀಟರ್ ನೋಡಲಿಕ್ಕೆ ಬರುವವನಿಗೂ ಗೊತ್ತುಂಟು.

ಮಾಘದಲ್ಲಿ ಆಚೆಮನೆ ಶಾಂತಕ್ಕನ ಮಗನ ಮದುವೆ. ಆ ದಿನ ಬೆಳಿಗ್ಗೆ ನಾನು ಮೀಯುತ್ತಿದ್ದಾಗ ತಲೆಯ ಮೇಲೆ ಗುಂಯ್ ಎಂದು ಸದ್ದಾಯಿತು. ಜೇನು ಎದ್ದಿದೆ ಎಂದುಕೊಂಡೆ. ಮೈ ಒರೆಸುವ ಬೈರಾಸನ್ನು ತಲೆಗೆ ಹೊದ್ದು, ಎದೆಗೆ ಕಟ್ಟಿದ ಒದ್ದೆ ಲಂಗದಲ್ಲೇ ಬಗ್ಗಿಕೊಂಡು ಮನೆಯೊಳಗೆ ಓಡಿದೆ. ಜೇನು ಕಚ್ಚಲಿಲ್ಲವಲ್ಲ ಎಂದು ಸಮಾಧಾನಪಟ್ಟು ಸೀರೆ ಉಟ್ಟು ಮದುವೆಗೆ ಹೋಗಿ ಊಟ ಮಾಡಿ ಬಂದೆ.

ಎರಡು ತಿಂಗಳ ಮೇಲೆ ಮದುವೆಯ ವಿಡಿಯೊ ಬಂತು. ಶಾಂತಕ್ಕ ನೆರೆಕರೆಯವರನ್ನೆಲ್ಲ ಕರೆದು ಗೋಡೆಯಷ್ಟು ದೊಡ್ಡ ಟಿವಿಯಲ್ಲಿ ಹಾಕಿದಳು. ಮೊದಲು ಚಪ್ಪರ, ಮತ್ತೆ ಹಂಚಿನ ಮಾಡು, ತೋಟ, ಎಲ್ಲ ಹಕ್ಕಿ ನೋಡಿದ ಹಾಗೆ. ನಾದಸ್ವರ ಬೇರೆ. ಅಷ್ಟರಲ್ಲಿ ನಮ್ಮ ಬಾವಿ ಕಂಡಿತು. ಬಾವಿಯ ಪಕ್ಕ ಒಂದು ಮುದುಕಿ ತಲೆಗೆ ಬೈರಾಸು ಹೊದ್ದು, ಒದ್ದೆ ಲಂಗದಲ್ಲಿ, ಕೋಳಿಯ ಹಾಗೆ ಓಡುತ್ತಿದ್ದಳು. ಎಲ್ಲರೂ ನಕ್ಕರು. ನಾನೂ ಅರ್ಧ ನಕ್ಕೆ. ಮತ್ತೆ ಗೊತ್ತಾಯಿತು.

“ಗಿರಿಜಕ್ಕ, ನೀವೂ ಪಿಕ್ಚರಲ್ಲಿ ಉಂಟಲ್ಲ ಮಾರಾಯ್ರೆ” ಎಂದು ಹಿಂದಿನಿಂದ ಯಾರೋ ಹೇಳಿದರು. “ಪುನಃ ಹಾಕಿ, ಪುನಃ ಹಾಕಿ” ಎಂದು ಇನ್ನೊಬ್ಬರು. ಹಾಕಿದರು ಕೂಡ. ಯಾರದೋ ಮೊಬೈಲು ಮೇಲೆದ್ದದ್ದನ್ನು ನಾನು ಕಣ್ಣಾರೆ ನೋಡಿದೆ.

ಮಾರನೇ ದಿನವೇ ವೇಣೂರು ದಾರಿಯ ಬಸ್ಸು ಹಿಡಿದು ಬೆಳ್ತಂಗಡಿಗೆ ಹೋದೆ. ವಿಡಿಯೊ ಮಾಡಿದ ಸುಧಾಕರನ ಸ್ಟುಡಿಯೊ ಇರುವುದು ಅಲ್ಲಿ. ಮೂವತ್ತು ದಾಟದ ಹುಡುಗ, ಗಡ್ಡ ಬಿಟ್ಟಿದ್ದಾನೆ.

“ಅಜ್ಜಿ, ಐದು ಸೆಕೆಂಡ್ ಅಷ್ಟೆ. ಮುಖ ಸಹ ಕಾಣುದಿಲ್ಲ” ಎಂದ.

“ಮುಖ ಕಾಣದಿದ್ರೆ ಅವರೆಲ್ಲ ನನ್ನ ಹೆಸರು ಹಿಡಿದು ಹೇಗೆ ಕರೆದ್ರು?”

“ನಾನು ಬೇಕೂಂತ ತೆಗ್ದದ್ದಲ್ಲ. ಡ್ರೋನ್ ಹೋಗ್ತಾ ಹೋಗ್ತಾ ಬಂದದ್ದು.”

“ಹೋಗ್ತಾ ಬಂದದ್ದನ್ನು ಕೂತು ನೋಡಿ, ಒಳ್ಳೇದುಂಟು ಅಂತ ಇಟ್ಟದ್ದು ಯಾರು? ಅದೂ ಡ್ರೋನಾ?”

ಅವನು ಮೊಬೈಲು ನೋಡಿದ. ಎಡಿಟಿಂಗ್ ಮುಗಿದಿದೆ, ಪೆನ್‌ಡ್ರೈವ್ ಕೊಟ್ಟಾಗಿದೆ, ಇನ್ನು ಏನೂ ಮಾಡಲಿಕ್ಕೆ ಆಗುವುದಿಲ್ಲ ಎಂದ.

ಪೊಲೀಸ್ ಸ್ಟೇಷನಿಗೆ ಹೋದೆ. ಯಾವ ಸ್ಟೇಷನು ಎಂದು ಬರೆಯುವುದಿಲ್ಲ, ಅವರು ಕುರ್ಚಿಯನ್ನಾದರೂ ಕೊಟ್ಟರು. ಅಲ್ಲಿಯವರು ಕೇಳಿದ್ದು ಒಂದೇ, ಡ್ರೋನ್ ಎಷ್ಟು ದೊಡ್ಡದು. ಸ್ಟುಡಿಯೊದಲ್ಲಿ ಕಂಡಷ್ಟಕ್ಕೆ ಕೈ ಅಗಲಿಸಿ ತೋರಿಸಿದೆ. “ಅದು ಇನ್ನೂರೈವತ್ತು ಗ್ರಾಮಿಗಿಂತ ಕಡಿಮೆಯದ್ದು ಇರ್ಬೇಕು ಅಮ್ಮ. ಸಣ್ಣದಕ್ಕೆ ಲೈಸೆನ್ಸ್ ಬೇಡ” ಎಂದರು.

“ತೂಕ ಕಡಿಮೆಯಾದ್ರೆ ಅದರ ಕಣ್ಣೂ ಕಡಿಮೆ ಆಗ್ತದಾ?” ಎಂದು ಕೇಳಿದೆ.

ಒಬ್ಬರು ನಕ್ಕರು. ಇನ್ನೊಬ್ಬರು, ವಯಸ್ಸಾದವರು, ನಗಲಿಲ್ಲ. ಬರೆದು ಕೊಡಿ ನೋಡುವ ಎಂದರು. ಬರೆದು ಕೊಟ್ಟೆ. ನೋಡಿದರೋ ಇಲ್ಲವೋ ಗೊತ್ತಿಲ್ಲ.

ಊರಿನವರ ಬುದ್ಧಿಮಾತು ಮಾತ್ರ ಒಂದೇ: “ಮೇಲೊಂದು ಶೀಟು ಹಾಕಿಸಿ ಗಿರಿಜಕ್ಕ, ಮುಗೀತಲ್ಲ.” ನೋಡಿದವನು ಅವನು, ಶೀಟು ಹಾಕಬೇಕಾದವಳು ನಾನು. ಹಾಕಿಸಲಿಲ್ಲ. ಆದರೆ ಟೈಲ್ಸಿನ ಬಾತ್‌ರೂಮಿಗೆ ಹೋಗಿ ಮೀಯತೊಡಗಿದೆ. ಇದನ್ನು ಯಾರಿಗೂ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಬಜ್ಪೆ

ಆ ಹೊತ್ತಿಗೇ ಮೊಮ್ಮಗಳು ಸೌಮ್ಯನಿಗೆ ದಿನ ಹತ್ತಿರ ಬಂತು. ಅವಳು ಜರ್ಮನಿಯ ಒಂದು ಆಸ್ಪತ್ರೆಯಲ್ಲಿ ನರ್ಸು, ಗಂಡ ಪ್ರವೀಣ ಅಲ್ಲೇ ಲ್ಯಾಬಿನಲ್ಲಿ. ಬಾಣಂತನಕ್ಕೆ ಹೋಗಬೇಕಾದವಳು ನನ್ನ ಮಗಳು ಸುಮತಿ. ಅವಳು ಬಂಟ್ವಾಳದಲ್ಲಿ ಅಂಗನವಾಡಿ ಟೀಚರು, ಅಷ್ಟು ರಜೆ ಸಿಗುವುದಿಲ್ಲ. “ಅಮ್ಮ, ನೀವೇ ಹೋಗಿ. ಇಲ್ಲಿ ಕೂತು ಆ ವಿಡಿಯೊದ ವಿಷಯ ಎಷ್ಟು ದಿನಾಂತ ಅರೀತೀರಿ” ಎಂದಳು. ಅರೆಯುವ ಕೆಲಸವೇ ಹೆಚ್ಚಿತ್ತು ನನಗೆ. ಬಾಣಂತಿ ಲೇಹ್ಯ, ಕಷಾಯದ ಪುಡಿ, ಮಗುವಿಗೆ ಹಚ್ಚುವ ಎಣ್ಣೆ, ತಲೆಗೆ ಹೊಗೆ ಹಾಕುವ ಧೂಪ ಎಲ್ಲ ಸೇರಿ ಒಂದು ಪೆಟ್ಟಿಗೆಯಾಯಿತು.

ಬಜ್ಪೆ ಏರ್‌ಪೋರ್ಟಿನಲ್ಲಿ ಪೆಟ್ಟಿಗೆ ಒಂದು ಗವಿಯೊಳಗೆ ಹೋಯಿತು. ಈಚೆ ಟಿವಿಯಲ್ಲಿ ಒಬ್ಬಳು ಅದರ ಹೊಟ್ಟೆಯೊಳಗಿದ್ದದ್ದನ್ನೆಲ್ಲ ನೋಡುತ್ತಿದ್ದಳು. ನನ್ನ ಒಳಲಂಗದ ಮಡಿಕೆಯನ್ನೂ ನೋಡಿದಳೋ ಏನೋ. ಆದರೂ ಅವಳು ನೋಡುವುದು ನನ್ನೆದುರಿಗೇ ಎಂದು ಸುಮ್ಮನಿದ್ದೆ. ನಡುವೆ ದುಬೈಯಲ್ಲಿ ವಿಮಾನ ಬದಲಿಸುವಾಗ ಒಂದು ಗಾಜಿನ ಗೂಡಿನೊಳಗೆ ನಿಲ್ಲಿಸಿ ಕೈ ಮೇಲೆತ್ತಲಿಕ್ಕೆ ಹೇಳಿದರು. ಎತ್ತಲಿಲ್ಲ. “ಇದು ಎಂತ ತೆಗೀತದೆ?” ಎಂದು ತುಳುವಿನಲ್ಲಿ ಕೇಳಿದೆ. ಗೂಡಿನ ಹೊರಗೆ ನಿಂತಿದ್ದ ಹುಡುಗಿಗೆ ತುಳು ಎಲ್ಲಿಂದ ಬರಬೇಕು. ನನ್ನ ಹಿಂದೆ ನಿಂತಿದ್ದ ಪುತ್ತೂರಿನ ಒಬ್ಬ ಬ್ಯಾರಿ ಹೆಂಗಸು, “ಎತ್ತಿ ಅಜ್ಜಿ, ಅದು ಕಬ್ಬಿಣ ಮಾತ್ರ ನೋಡುದು” ಎಂದಳು. ಅವಳ ಮಾತನ್ನೂ ಪೂರ್ತಿ ನಂಬಲಿಲ್ಲ, ಆದರೆ ಹಿಂದೆ ಸಾಲು ಉದ್ದ ಇತ್ತು, ಎತ್ತಿದೆ.

ಕೆಂಪು ಕಣ್ಣು

ಸೌಮ್ಯನ ಊರಿನ ಹೆಸರು ನನ್ನ ಬಾಯಿಗೆ ಕೊನೆಯವರೆಗೂ ಬರಲಿಲ್ಲ. ಸಣ್ಣ ಹಳ್ಳಿ. ಅವಳ ಮನೆ ಹಳ್ಳಿಯ ಕೊನೆಯದ್ದು, ಹಿಂದೆ ಹಿತ್ತಿಲು, ಹಿತ್ತಿಲಿನ ಬೇಲಿಯಾಚೆ ಸೊಂಟದೆತ್ತರದ ಹುಲ್ಲಿನ ದೊಡ್ಡ ಗದ್ದೆ, ಅದರಾಚೆ ಕಾಡು. ನಾನು ಮುಟ್ಟುವಷ್ಟರಲ್ಲಿ ಹೆರಿಗೆಯಾಗಿತ್ತು. ಮಗು ಹೆಣ್ಣು. ಮೂಗು ನಮ್ಮ ಕಡೆಯದ್ದು.

ನನಗೆ ಕೊಟ್ಟ ಕೋಣೆಯ ಮಾಡಿನಲ್ಲಿ ಒಂದು ಬಿಳಿ ಡಬ್ಬಿ ಅಂಟಿಸಿದ್ದರು. ಅದರಲ್ಲಿ ಒಂದು ಕೆಂಪು ದೀಪ ಆಗೊಮ್ಮೆ ಈಗೊಮ್ಮೆ ಕಣ್ಣು ಹೊಡೆಯುತ್ತಿತ್ತು. ಯಾರ ಹತ್ತಿರವೂ ಕೇಳಲಿಲ್ಲ. ಕೇಳಿದರೆ “ಅಲ್ಲ” ಎನ್ನುತ್ತಾರೆ, ಸುಧಾಕರನೂ ಹಾಗೇ ಅಂದದ್ದಲ್ಲವೇ. ಕುರ್ಚಿ ಹತ್ತಿ ಅದಕ್ಕೆ ಮಗುವಿನ ಟೊಪ್ಪಿಯೊಂದನ್ನು ತೊಡಿಸಿ ದಾರ ಕಟ್ಟಿದೆ. ಒಂದು ವಾರ ನೆಮ್ಮದಿಯಾಗಿ ಮಲಗಿದೆ.

ಎಂಟನೇ ದಿನ ಬಾಣಂತಿಗೆ ತಲೆಸ್ನಾನ. ಮಿಂದ ಕೂದಲಿಗೆ ಧೂಪದ ಹೊಗೆ ಕೊಡಬೇಕಲ್ಲ, ಸೌಮ್ಯನನ್ನು ನನ್ನ ಕೋಣೆಯಲ್ಲಿ ಕೂರಿಸಿ ಬಾಣಲೆಯಲ್ಲಿ ಕೆಂಡ ಮಾಡಿ ಧೂಪ ಹಾಕಿದೆ. ಟೊಪ್ಪಿ ತೊಟ್ಟ ಡಬ್ಬಿ ಊರು ಕೇಳುವ ಹಾಗೆ ಕಿರುಚಿತು. ಮಗುವೂ ಶುರು ಮಾಡಿತು. ಪ್ರವೀಣ ಓಡಿ ಬಂದ.

“ಅಜ್ಜಿ, ಅದು ಹೊಗೆ ಹಿಡಿಯುವ ಯಂತ್ರ. ಬೆಂಕಿ ಬಿದ್ರೆ ಹೇಳ್ಲಿಕ್ಕೆ. ಟೊಪ್ಪಿ ಯಾಕೆ ಹಾಕಿದ್ರಿ?”

“ಅದು ನೋಡ್ತಾ ಇತ್ತು.”

“ಅದಕ್ಕೆ ಕಣ್ಣಿಲ್ಲ ಅಜ್ಜಿ. ಮೂಗು ಮಾತ್ರ.”

ಸೌಮ್ಯ ಹೊಲಿಗೆ ಎಳೆಯುತ್ತದೆ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಟೊಪ್ಪಿ ತೆಗೆದೆ. ಆದರೂ ಆ ಮೇಲೆ ಸೀರೆ ಬದಲಿಸುವಾಗ ಅದರ ಅಡಿಯಿಂದ ಸರಿದು ಮೂಲೆಗೆ ಹೋಗುತ್ತಿದ್ದೆ.

ನನಗೆ ಅರ್ಥವಾಗದ್ದು ಆ ಊರಿನವರ ರೀತಿ. ಎರಡು ಮನೆ ಆಚೆಯ ಹೆಂಗಸು ಬಿಸಿಲು ಬಂದರೆ ಸಾಕು, ಕರವಸ್ತ್ರದಷ್ಟು ಬಟ್ಟೆಯಲ್ಲಿ ಹಿತ್ತಿಲಲ್ಲಿ ಮಲಗುವಳು. ಒಂದು ದಿನ ಸೌಮ್ಯ ಮಗುವಿನ ಫೋಟೊ ತೆಗೆಯುತ್ತಿದ್ದಾಗ ಅದೇ ಹೆಂಗಸು ಎದ್ದು ಬೇಲಿಯ ಹತ್ತಿರ ಬಂದು ಏನೋ ಕೇಳಿದಳು. ಅವಳ ಮನೆಯ ಕಿಟಕಿ ಫೋಟೊದಲ್ಲಿ ಬಿತ್ತಾ ಎಂದು ಕೇಳಿದ್ದಂತೆ. ಸೌಮ್ಯ ಮೊಬೈಲು ತೋರಿಸಿದ ಮೇಲೆ ಹೋಗಿ ಪುನಃ ಮಲಗಿದಳು.

“ಮೈ ಕಾಣ್ಬಹುದು, ಕಿಟಕಿ ಕಾಣ್ಬಾರ್ದಾ?” ಎಂದೆ.

“ಮಲಗಿದ್ದು ಅವಳ ಇಷ್ಟ ಅಜ್ಜಿ. ಫೋಟೊ ತೆಗಿಯುದು ನಮ್ಮ ಇಷ್ಟ ಅಲ್ವಲ್ಲ” ಎಂದಳು ಸೌಮ್ಯ.

ಸಣ್ಣವಳಿದ್ದಾಗ ನಾವು ಹತ್ತು ಹೆಂಗಸರು ಹೊಳೆಯಲ್ಲಿ ಒಟ್ಟಿಗೆ ಮಿಂದದ್ದು ನೆನಪಾಯಿತು. ಯಾರೂ ನಾಚಿದವರಿಲ್ಲ. ದಡದ ಮೇಲೆ ಗಂಡಸು ಕೆಮ್ಮಿದರೆ ಮಾತ್ರ ಕುತ್ತಿಗೆಯವರೆಗೆ ನೀರಿಗೆ ಇಳಿಯುತ್ತಿದ್ದೆವು.

ಚಪ್ಪಲಿ

ಬೆಳಿಗ್ಗೆ ಬಿಸಿಲು ಏರಿದ ಮೇಲೆ ಹಿತ್ತಿಲಲ್ಲಿ ಚಾಪೆ ಹಾಕಿ ಕಾಲು ಚಾಚಿ ಕುಳಿತು, ಕಾಲ ಮೇಲೆ ಮಗುವನ್ನು ಮಲಗಿಸಿ ಎಣ್ಣೆ ಹಚ್ಚುವುದು ನನ್ನ ಕ್ರಮ. ಮನೆಗೆ ಬಂದು ಮಗುವಿನ ತೂಕ ನೋಡುವ ಸೂಲಗಿತ್ತಿಗೆ ಅದು ಅಷ್ಟು ಹಿಡಿಸಲಿಲ್ಲ, ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಮುಂದಿನ ವಾರ ತೂಕ ಏರಿದ್ದು ನೋಡಿ ಅದನ್ನೂ ಬರೆದುಕೊಂಡಳು.

ಇಪ್ಪತ್ತನೇ ದಿನವೋ ಏನೋ, ಮಗು ಬರಿಮೈಯಲ್ಲಿ ನನ್ನ ಕಾಲ ಮೇಲಿತ್ತು. ಬೇಲಿಯಾಚೆಯಿಂದ ಗುಂಯ್ ಎಂದಿತು. ಈ ಸಲ ಜೇನು ಎಂದುಕೊಳ್ಳಲಿಲ್ಲ. ತಲೆ ಎತ್ತಿದೆ. ಹುಲ್ಲುಗದ್ದೆಯ ಮೇಲೆ ನಾಲ್ಕು ಕಾಲಿನ ಕಪ್ಪು ಯಂತ್ರ ನಿಂತಿತ್ತು, ಅದರ ಕಣ್ಣು ಕೆಳಗೆ.

ಸೆರಗಿನಲ್ಲಿ ಮಗುವನ್ನು ಸುತ್ತಿ ಎದೆಗೆ ಅವುಚಿ, ಇನ್ನೊಂದು ಕೈಯಲ್ಲಿ ಚಪ್ಪಲಿ ತೆಗೆದು ಬೀಸಿದೆ. ಬಾಯಿಗೆ ಬಂದ ತುಳುವಿನಲ್ಲಿ ಅದರ ಕುಲವನ್ನೆಲ್ಲ ಕರೆದೆ. ಚಪ್ಪಲಿ ಅಷ್ಟೆತ್ತರ ಹೋಗುತ್ತದಾ, ಬೇಲಿ ದಾಟಿ ಹುಲ್ಲಿನಲ್ಲಿ ಬಿದ್ದು ಕಾಣೆಯಾಯಿತು. ಯಂತ್ರ ಸ್ವಲ್ಪ ಹೊತ್ತು ನಿಂತು ಹಿಂದಕ್ಕೆ ಸರಿದು ಹೋಯಿತು.

“ಏಳು ಸಾವಿರ ಮೈಲಿ ಬಂದ್ರೂ ಬೆನ್ನು ಬಿಡ್ಲಿಲ್ಲ ಇದು” ಎಂದು ಸೌಮ್ಯನಿಗೆ ಹೇಳಿದೆ. ಮೈಲಿ ಎಷ್ಟೆಂದು ನನಗೆ ಗೊತ್ತಿಲ್ಲ, ಸಿಟ್ಟಿಗೆ ಹೇಳಿದ್ದು. ಸಿಟ್ಟು ನನ್ನ ವಿಷಯಕ್ಕಲ್ಲ. ನನ್ನನ್ನು ನೋಡಿ ನಕ್ಕದ್ದು ಒಂದು ಮದುವೆಮನೆ. ಈ ಮಗು ಯಾರ ಯಾರ ಮೊಬೈಲಿನಲ್ಲಿ ದೊಡ್ಡದಾಗಬೇಕು?

ಮರುದಿನ ಗೇಟಿನಲ್ಲಿ ಒಂದು ಕಾಗದದ ಚೀಲ ತೂಗುತ್ತಿತ್ತು. ಒಳಗೆ ನನ್ನ ಚಪ್ಪಲಿ. ತೊಳೆದಿದ್ದರು. ಜೊತೆಗೆ ಒಂದು ಚೀಟಿ. ಚಪ್ಪಲಿ ತೊಳೆದು ಕಳಿಸುವವರ ಮೇಲೆ ನನಗೆ ಸಂಶಯ ಇನ್ನೂ ಜಾಸ್ತಿ. ಸೌಮ್ಯ ಓದಿ ಹೇಳಿದಳು: ಹೆದರಿಸಿದ್ದಕ್ಕೆ ಕ್ಷಮಿಸಬೇಕು, ಆ ಹೊತ್ತಿಗೆ ಅಲ್ಲಿ ಮಗು ಇರುತ್ತದೆಂದು ಗೊತ್ತಿರಲಿಲ್ಲ, ಸಂಜೆ ಬಂದು ಮಾತಾಡಬಹುದೇ. ಕೆಳಗೆ ಹೆಸರು ಹೈಕೆ ಎಂದು, ಫೋನ್ ನಂಬರು.

ಅಂದರೆ ಯಂತ್ರ ಬಿಟ್ಟವಳು ತಾನೇ ಎಂದು ತಾನೇ ಬರೆದು ಕೊಟ್ಟಿದ್ದಾಳೆ. ಇಂಥದ್ದನ್ನು ನಾನು ಕಂಡದ್ದಿಲ್ಲ.

ಕಾಗದ

ಹೈಕೆ ಬಂದಳು. ಐವತ್ತರ ಹೆಂಗಸು, ಗಿಡ್ಡ ಕೂದಲು, ಮೊಣಕಾಲಿನವರೆಗೆ ಬೂಟು. ಕೆಲಸ ಟಪಾಲು ಹಂಚುವುದು. ಬಾಗಿಲ ಹೊರಗೇ ನಿಂತು, ಒಳಗೆ ಬಾ ಎಂದ ಮೇಲೆ ಬೂಟು ಬಿಚ್ಚಿ ಬಂದಳು. ಮೇಜಿನ ಮೇಲೆ ಒಂದು ಕಾಗದ ಇಟ್ಟಳು.

ಅವಳು ಹೇಳಿದ್ದು, ಸೌಮ್ಯ ತಿರುಗಿಸಿದ್ದು ಇಷ್ಟು. ಶುಕ್ರವಾರ ಬೆಳಿಗ್ಗೆ ಆ ಗದ್ದೆಯ ಹುಲ್ಲು ಕೊಯ್ಯುತ್ತಾರೆ, ದೊಡ್ಡ ಮೆಷಿನಿನಲ್ಲಿ. ಈ ತಿಂಗಳಲ್ಲಿ ಕಾಡಿನ ಜಿಂಕೆಗಳು ಹುಲ್ಲಿನೊಳಗೆ ಮರಿ ಹಾಕುತ್ತವೆ. ಮರಿಗೆ ಓಡಲಿಕ್ಕೆ ಗೊತ್ತಿಲ್ಲ. ಮೆಷಿನು ಹತ್ತಿರ ಬಂದಷ್ಟೂ ನೆಲಕ್ಕೆ ಅಂಟಿ ಮಲಗುತ್ತದೆ. ಆದ್ದರಿಂದ ನೆಲ ತಣ್ಣಗಿರುವ ಬೆಳಗಿನ ಜಾವದಲ್ಲಿ ಯಂತ್ರ ಹಾರಿಸಿ, ಮೈಬಿಸಿಯಿಂದ ಮರಿಯನ್ನು ಪತ್ತೆ ಮಾಡಿ ಎತ್ತಿ ಇಡುವುದು ಇವಳ ಕೆಲಸ. ನಿನ್ನೆ ಹಗಲು ಬಂದದ್ದು ಗದ್ದೆಯ ಗಡಿ ನೋಡಿಕೊಳ್ಳಲಿಕ್ಕೆ. ಆದರೆ ಈ ಬದಿಯ ಅಂಚು ಹುಡುಕಬೇಕಾದರೆ ಯಂತ್ರ ನಮ್ಮ ಹಿತ್ತಿಲಿನ ಮೇಲೆ ಬರುತ್ತದೆ. ಮನೆಯ ಮೇಲೆ ಹಾರಿಸಬೇಕಾದರೆ ಮನೆಯಲ್ಲಿರುವವರ ಒಪ್ಪಿಗೆ ಬೇಕು, ಇಲ್ಲಿಯ ಕಾನೂನು ಹಾಗೆ. ಬಾಡಿಗೆಗೆ ಕೊಟ್ಟ ಮನೆಯ ಧನಿ ಸಹಿ ಹಾಕಿದ್ದಾರೆ, ಪ್ರವೀಣನೂ ಹಾಕಿದ್ದಾನೆ. ಹಿತ್ತಿಲಲ್ಲಿ ಕೂರುವವರು ನೀವು, ನಿಮ್ಮದೂ ಬೇಕು.

“ಸಂಬಳ ಯಾರು ಕೊಡ್ತಾರೆ ಇವಳಿಗೆ?” ಎಂದು ಕೇಳಿದೆ.

“ಯಾರೂ ಇಲ್ವಂತೆ.”

“ಸುಮ್ಮನೆ ಯಾರೂ ಬೆಳಗಿನ ಜಾವ ಏಳುದಿಲ್ಲ. ಸರಿ ಕೇಳು. ಫೋಟೊ ಯಾರಿಗೆ ಹೋಗ್ತದೆ?”

“ಫೋಟೊ ಇಟ್ಕೊಳ್ಳುದಿಲ್ಲ, ನೋಡುದು ಮಾತ್ರ ಅಂತೆ.”

“ನಾನು ಸಹಿ ಹಾಕದಿದ್ರೆ?”

ಸೌಮ್ಯ ಕೇಳಿದಳು. ಹೈಕೆ ಹೇಳಿದ್ದನ್ನು ನನಗೆ ತಿರುಗಿಸಿದಳು. “ಹಾರಿಸುದಿಲ್ಲ, ಆ ಬದಿ ನಡೆದು ಹುಡುಕ್ತಾರಂತೆ. ಆದ್ರೆ ಹುಲ್ಲಿನಲ್ಲಿ ಕಾಲ ಬುಡದಲ್ಲಿದ್ರೂ ಕಾಣುದಿಲ್ಲ ಅಂತೆ ಅಜ್ಜಿ. ಸುಮ್ನೆ ಹಾಕಿ, ಪಾಪ.”

“ಪಾಪ ಅಂತ ಸಹಿ ಹಾಕ್ಲಿಕ್ಕೆ ಉಂಟಾ?” ಎಂದೆ. ಓದದೆ ಸಹಿ ಹಾಕಬಾರದು ಎಂಬುದು ಕಟ್ಟಿದ ಬೀಡಿ ಕೊಟ್ಟು ಲೆಕ್ಕ ಬರೆಸುವ ಬ್ರಾಂಚಿನಲ್ಲಿ ನಾನು ಕಲಿತ ಪಾಠ. “ಅದು ಎಂತ ನೋಡ್ತದೇಂತ ಮೊದ್ಲು ನಾನು ನೋಡ್ಬೇಕು. ಹಾರಿಸ್ಲಿಕ್ಕೆ ಹೇಳು, ನನ್ನ ಮೇಲೆಯೇ.”

ಹಿತ್ತಿಲಿಗೆ ಹೋದೆವು. ಮಗುವನ್ನು ಒಳಗೇ ಬಿಟ್ಟೆ. ಯಂತ್ರದ ಹೊಟ್ಟೆಯಲ್ಲಿ ಒಂದು ನಂಬರಿನ ಚೀಟಿ ಅಂಟಿಸಿತ್ತು, ಮೋಟರ್‌ಬೈಕಿಗೆ ಇದ್ದ ಹಾಗೆ. ಯಾರ ಯಂತ್ರ ಎಂದು ಹುಡುಕಲಿಕ್ಕಂತೆ. ಅದು ಮೇಲೆ ಹೋಯಿತು. ಹೈಕೆಯ ಕೈಯಲ್ಲಿದ್ದ ಪರದೆಯಲ್ಲಿ ಎಲ್ಲ ಬೂದಿಬಣ್ಣ, ನಡುವೆ ಮೂರು ಬಿಳಿ ಬೊಟ್ಟು.

“ಇದರಲ್ಲಿ ನಾನು ಯಾವುದು?”

ಹೈಕೆ ಗಿಡ್ಡವೂ ದಪ್ಪವೂ ಆದ ಬೊಟ್ಟನ್ನು ತೋರಿಸಿದಳು. ಸೀರೆ ಇಲ್ಲ, ಮುಖ ಇಲ್ಲ. ಒಲೆಯಿಂದ ಬಿದ್ದ ಕೆಂಡದ ಹಾಗೆ ಇದ್ದೆ. ಇಷ್ಟೇ ಆದರೆ ಅಡ್ಡಿಯಿಲ್ಲ ಎನಿಸಿತು. ಹಾಗೆ ಅನಿಸಿದ ಕೂಡಲೇ ಸಂಶಯವೂ ಬಂತು. ಯಂತ್ರ ಕೈಯಲ್ಲಿದ್ದಾಗ ಅದಕ್ಕೆ ಎರಡು ಗಾಜು ಇದ್ದದ್ದನ್ನು ನಾನು ನೋಡಿದ್ದೆ.

“ಇನ್ನೊಂದು ಕಣ್ಣು ಉಂಟಲ್ಲ. ಅದು ಎಂತದು?”

ಸೌಮ್ಯ ಕೇಳಲೋ ಬೇಡವೋ ಎಂದು ನಿಂತಳು. “ಕೇಳು” ಎಂದೆ. ಹೈಕೆ ಇಲ್ಲ ಎನ್ನಲಿಲ್ಲ. ಒಂದು ಗುಂಡಿ ಒತ್ತಿದಳು. ಪರದೆಯಲ್ಲಿ ಬಣ್ಣ ಬಂತು. ನನ್ನ ಹಸಿರು ಸೀರೆ, ಅದರ ಅಂಚು, ನೆತ್ತಿಯಲ್ಲಿ ಕೂದಲು ಉದುರಿದ ಜಾಗ. ನನ್ನನ್ನು ನಾನೇ ಮೇಲಿನಿಂದ ನೋಡುವುದು ಅದು ಎರಡನೇ ಸಲ. ಈ ಸಲ ಸೀರೆ ಉಟ್ಟಿದ್ದೆ ಅಷ್ಟೆ.

“ಇದನ್ನು ಮುಚ್ಚಬೇಕು” ಎಂದೆ.

ಯಂತ್ರ ಇಳಿಯಿತು. ಹೈಕೆ ಟೇಪಿಗೆ ಕಿಸೆ ತಡಕಾಡಿದಳು, ಸಿಗಲಿಲ್ಲ. ಸೌಮ್ಯನ ಔಷಧದ ಪೆಟ್ಟಿಗೆಯಿಂದ ಗಾಯಕ್ಕೆ ಹಚ್ಚುವ ಪಟ್ಟಿ ತಂದು ಆ ಕಣ್ಣಿಗೆ ನಾನೇ ಅಂಟಿಸಿ ಬೆರಳಿನಿಂದ ಒತ್ತಿದೆ. ಪುನಃ ಹಾರಿಸಿ ಗುಂಡಿ ಒತ್ತಿಸಿದೆ. ಪರದೆ ಕಪ್ಪು. ಬಿಸಿ ನೋಡುವ ಕಣ್ಣು ಮಾತ್ರ ಉಳಿಯಿತು.

ಆಮೇಲೆ ಕಾಗದ ತೆಗೆದುಕೊಂಡೆ. ಜರ್ಮನ್ ಅಕ್ಷರಗಳ ಕೆಳಗೆ ಖಾಲಿ ಜಾಗ ಇತ್ತು. ಕನ್ನಡದಲ್ಲಿ ಬರೆದೆ: “ಕೇಳದೆ ಹಾರಿಸಬಾರದು. ಮೀಯುವವರನ್ನೂ ಮಗುವನ್ನೂ ನೋಡಬಾರದು. ತಪ್ಪಿ ಕಂಡರೆ ನಮಗೆ ತೋರಿಸಿ ನಮ್ಮೆದುರೇ ಅಳಿಸಬೇಕು.” ಕೆಳಗೆ ಗಿರಿಜಾ ಎಂದು ಸಹಿ. ಅವಳ ಕೈಗೆ ಕೊಟ್ಟು, “ನೀನೂ ಹಾಕು” ಎಂದೆ.

ಸೌಮ್ಯ ಅರ್ಥ ಹೇಳಿದಳು. ಹೈಕೆ ನನ್ನ ಅಕ್ಷರಗಳನ್ನು ಒಂದೊಂದಾಗಿ ನೋಡಿದಳು, ರಂಗೋಲಿ ನೋಡುವ ಹಾಗೆ. ಒಂದಕ್ಷರವೂ ಓದಲಿಕ್ಕೆ ಬರದೆ ಅದರ ಕೆಳಗೆ ಸಹಿ ಹಾಕಿದಳು. ಎರಡು ಕಾಗದ ಮಾಡಿದೆವು, ಅವಳಿಗೊಂದು ನನಗೊಂದು.

ಹುಲ್ಲುಗದ್ದೆ

ಶುಕ್ರವಾರ ಬೆಳಕು ಹರಿಯುವ ಮೊದಲು ಎದ್ದು ಬೇಲಿಯ ಹತ್ತಿರ ನಿಂತೆ. ಪಟ್ಟಿ ಇದೆಯೋ ಇಲ್ಲವೋ ನೋಡಬೇಕಿತ್ತು. ಹೈಕೆ ನನ್ನನ್ನು ಕಂಡವಳೇ ಯಂತ್ರ ತಂದು ತಿರುಗಿಸಿ ತೋರಿಸಿದಳು. ಪಟ್ಟಿ ಇತ್ತು. ನನ್ನದೇ, ನಾನು ಒತ್ತಿದ ಎಣ್ಣೆ ಬೆರಳಿನ ಗುರುತು ಅದರಲ್ಲಿತ್ತು.

ನಮ್ಮ ಹಿತ್ತಿಲಿನ ಬೇಲಿಯಿಂದ ಹದಿನೈದು ಹೆಜ್ಜೆ ಆಚೆ ಅವಳು ಕೈ ಎತ್ತಿದಳು. ಎರಡೂ ಕೈ ತುಂಬ ಹುಲ್ಲು ಕಿತ್ತುಕೊಂಡು, ಆ ಹುಲ್ಲಿನಿಂದಲೇ ಹಿಡಿದು ಒಂದು ಮರಿಯನ್ನು ಎತ್ತಿದಳು. ಬರಿಗೈ ತಾಗಿದರೆ ಮನುಷ್ಯರ ವಾಸನೆಗೆ ತಾಯಿ ಬಿಟ್ಟುಬಿಡಬಹುದಂತೆ. ಕೈ ಕಾಲು ತೊಳೆಯದೆ ಬಾಣಂತಿಯ ಕೋಣೆಗೆ ಬಂದ ಪ್ರವೀಣನಿಗೆ ನಾನು ದಿನಾ ಬೈಯುತ್ತಿದ್ದೆ, ಅವನು ಇದನ್ನು ನೋಡಬೇಕಿತ್ತು. ಮರಿಯನ್ನು ಕಾಡಿನ ಅಂಚಿನಲ್ಲಿ ಒಂದು ಬುಟ್ಟಿಯ ಅಡಿಯಲ್ಲಿ ಇಟ್ಟರು. ಮೆಷಿನು ಬಂದು ಗದ್ದೆಯನ್ನು ಬೋಳಿಸಿತು. ಮರಿ ಮಲಗಿದ್ದ ಜಾಗದ ಮೇಲೆಯೂ ಹೋಯಿತು. ಮಧ್ಯಾಹ್ನ ಬುಟ್ಟಿ ತೆಗೆದಾಗ ಮರಿ ಎದ್ದು ಬಡಬಡ ಕಾಡಿಗೆ ಹೋಯಿತು.

ಅಷ್ಟಕ್ಕೇ ಯಂತ್ರದ ಮೇಲೆ ನನಗೆ ಪ್ರೀತಿ ಬಂತೆಂದು ತಿಳಿಯಬೇಡಿ. ಮರಿಯನ್ನು ಹುಡುಕಿದ ಕಣ್ಣು ನಾಳೆ ಇನ್ನೊಂದನ್ನು ಹುಡುಕೀತು. ಆದರೆ ಹೈಕೆ ಬಾಗಿಲ ಹೊರಗೆ ನಿಂತಿದ್ದಳು. ಆ ಕಾಗದ ಅವಳ ಕೆಮ್ಮು. ನಾನು ಬೇಡ ಎಂದಿದ್ದರೆ ಹಿಂದೆ ಹೋಗುತ್ತಿದ್ದಳು ಎಂಬುದನ್ನು ನಂಬಲಿಕ್ಕೆ ನನಗೆ ನಾಲ್ಕು ದಿನ ಬೇಕಾಯಿತು, ನಂಬಿದೆ.

ಬೆಳ್ತಂಗಡಿ

ಊರಿಗೆ ಬಂದಾಗ ಆಟಿ ತಿಂಗಳ, ಆಷಾಢದ ಮಳೆ. ಮೂರನೇ ದಿನ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೆಳ್ತಂಗಡಿಗೆ ಹೋದೆ. ಸುಧಾಕರ ಒಬ್ಬನೇ ಇದ್ದ, ಮದುವೆ ಇಲ್ಲದ ಕಾಲ.

“ಅಜ್ಜಿ, ಫಾರಿನ್‌ಗೆ ಹೋದ್ರಂತೆ. ಎಂತ ತಂದಿದ್ದೀರಿ?”

ಕಾಗದ ಬಿಚ್ಚಿ ಮೇಜಿನ ಮೇಲಿಟ್ಟು, ಎಂಥದ್ದೆಂದು ಹೇಳಿದೆ. ಮೇಲಿಂದ ನೋಡುತ್ತಾ ಬಂದು ನಕ್ಕ. “ಇದು ಅಲ್ಲಿಯ ಕಾನೂನು ಅಜ್ಜಿ, ಇಲ್ಲಿ ನಡೀತದಾ?”

“ನಡಿಯ್ಲಿಕ್ಕೆ ತಂದದ್ದಲ್ಲ. ಕೆಳಗಿನ ಸಾಲು ಓದು. ಗಟ್ಟಿಯಾಗಿ ಓದು.”

ಓದಿದ. ‘ಮೀಯುವವರನ್ನೂ’ ಎಂಬಲ್ಲಿಗೆ ಬಂದಾಗ ಸ್ವರ ಇಳಿಯಿತು. ಆದರೂ ಕೊನೆಯವರೆಗೆ ಓದಿದ.

“ಅದರ ಕೆಳಗೆ ಸಹಿ ಹಾಕಿದವಳು ಟಪಾಲು ಹಂಚುವ ಹೆಂಗಸು. ಅವಳಿಗೆ ಕನ್ನಡದ ಒಂದಕ್ಷರ ಬರುದಿಲ್ಲ, ಹಾಕಿದ್ದಾಳೆ. ನಿನಗೆ ಬರ್ತದೆ.”

ಹೊರಗೆ ಬಸ್ಸು ಹೋಯಿತು, ಅದು ನನ್ನದು, ಹೋಗಲಿ ಎಂದು ಕುಳಿತೆ. ಎಷ್ಟೋ ಹೊತ್ತಿನ ಮೇಲೆ ಅವನು ಕಂಪ್ಯೂಟರ್ ಚಾಲು ಮಾಡಿ ಶಾಂತಕ್ಕನ ಮಗನ ಮದುವೆಯನ್ನು ಹುಡುಕಿದ. ಆಗುವುದಿಲ್ಲ ಎಂದದ್ದು ಆಗುತ್ತಿತ್ತು. ಚಪ್ಪರ ಬಂತು, ಹಂಚಿನ ಮಾಡು ಬಂತು.

“ಇನ್ನು ಬರ್ತದೆ. ನೀವು ನೋಡಿ ಹೇಳಿ ಅಜ್ಜಿ, ಎಲ್ಲಿಂದ ಎಲ್ಲಿವರೆಗೆ” ಎಂದು ಹೇಳಿ ಅವನು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದ. ಬೆರಳು ಮಾತ್ರ ಕೀಲಿಯ ಮೇಲೆ.

ಹಾಗೆ ತಿರುಗಲಿಕ್ಕೆ ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಇಲ್ಲಿಂದ ಎಂದೆ, ಇಲ್ಲಿಗೆ ಎಂದೆ. ಆ ಮುದುಕಿ ಹೋದಳು.

ಪುನಃ ಶಿರ್ತಾಡಿ

ಹೊಸ ಪೆನ್‌ಡ್ರೈವ್ ಅನ್ನು ಶಾಂತಕ್ಕನಿಗೆ ಕೊಟ್ಟು ಹಳೆಯದನ್ನು ನಾನೇ ತಂದು ಹಂಡೆಯ ಒಲೆಗೆ ಹಾಕಿದೆ. “ಅಷ್ಟು ನಗೆಯಾಗಿತ್ತು ಗಿರಿಜಕ್ಕ” ಎಂದಳು ಅವಳು. ಅಂದು ಮೇಲೆದ್ದ ಮೊಬೈಲು ಯಾರದೆಂದು ಇವತ್ತಿಗೂ ಯಾರೂ ಹೇಳುವುದಿಲ್ಲ. ಅದರೊಳಗೆ ನಾನು ಇನ್ನೂ ಓಡುತ್ತಿದ್ದೇನೋ ಏನೋ.

ಮಳೆ ಬಿಟ್ಟು ಮಡಲಿನ ತಟ್ಟಿ ಹೊಸದು ಕಟ್ಟಿಸಿದೆ. ಶೀಟು ಹಾಕಿಸಲಿಲ್ಲ. ಒಂದು ಸಂಜೆ ಬೀಡಿ ಎಲೆ, ಹೊಗೆಸೊಪ್ಪು ತುಂಬಿದ ಸೂಪು ಮಡಿಲಲ್ಲಿಟ್ಟು ಕುಳಿತಿದ್ದಾಗ ಅಂಗಳದ ತುದಿಯಲ್ಲಿ ಯಾರೋ ಕೆಮ್ಮಿದರು. ಸುಧಾಕರ.

“ಮೇಲಿನ ಮನೆಯಲ್ಲಿ ಆದಿತ್ಯವಾರ ಮದುವೆ ಅಜ್ಜಿ. ಡ್ರೋನ್ ನಿಮ್ಮ ಜಾಗದ ಮೇಲಿಂದ ಬರ್ತದೆ. ಹಾರಿಸ್ಲಾ?”

“ಬೇಡ.”

“ಅರ್ಧ ಗಂಟೆ ಮಾತ್ರ. ಮೀಯುವ ಹೊತ್ತು ಹೇಳಿದ್ರೆ ಅದು ಬಿಟ್ಟು ಹಾರಿಸ್ತೇನೆ.”

“ಬೇಡ ಅಂದೆನಲ್ಲ ಮಾರಾಯ. ಚಹಾ ಬೇಕಾದ್ರೆ ಕುಡಿದು ಹೋಗು.”

ಕುಡಿದು ಹೋದ. ಆದಿತ್ಯವಾರ ಬೆಳಿಗ್ಗೆ ಮೇಲಿನ ಮನೆಯ ವಾಲಗ ಕೇಳುತ್ತಿತ್ತು. ಹಂಡೆಯ ನೀರು ತೋಡಿಕೊಂಡು ಬಾವಿಯ ಪಕ್ಕದ ಬಚ್ಚಲಿಗೆ ಹೋದೆ. ಬಿಸಿಲಿತ್ತು. ಮೇಲೆ ನೋಡಿದೆ. ತೆಂಗಿನ ತಲೆಗಿಂತ ಎತ್ತರದಲ್ಲಿ ಏನೋ ಒಂದು ಅಲುಗದೆ ನಿಂತಿತ್ತು. ಗಿಡುಗ ಇರಬೇಕು ಎಂದುಕೊಂಡೆ. ಆದರೂ ಅದು ಒಮ್ಮೆ ರೆಕ್ಕೆ ಬಡಿಯುವವರೆಗೆ ಚೊಂಬು ಎತ್ತಲಿಲ್ಲ.